"ಹವಾಮಾನ ಕೆಟ್ಟುಹೋಗಿದೆ" ಅನ್ನುವ ಸುದ್ದಿಯನ್ನು ಓದುವುದು ಹೇಗೆ

ದುಬೈ ವಿಮಾನ ನಿಲ್ದಾಣದಲ್ಲಿ ವಿಮಾನಗಳು ನೀರು ಸೀಳಿಕೊಂಡು ಹೋಗುವ ವಿಡಿಯೊ ನಿಮ್ಮ ಫೋನಿಗೂ ಬಂದಿರುತ್ತದೆ. ಮೊರಾಕೊದ ಮರುಭೂಮಿಯಲ್ಲಿ ಖರ್ಜೂರದ ಮರಗಳ ನಡುವೆ ನಿಂತ ನೀರು, ಸೌದಿಯ ಅಲ್ ಜೌಫ್‌ನಲ್ಲಿ ಮರಳಿನ ಮೇಲೆ ಬೆಳ್ಳಗೆ ಹಾಸಿದ ಆಲಿಕಲ್ಲು, ನವೆಂಬರ್ ಬಂದರೂ ಬೋಳಾಗಿಯೇ ಇದ್ದ ಜಪಾನಿನ ಫ್ಯೂಜಿ ಪರ್ವತ, ಇವೂ ಬಂದಿರುತ್ತವೆ. ಇವೆಲ್ಲ 2024ರಲ್ಲಿ ನಿಜವಾಗಿ ಆದದ್ದೇ. 2025ರ ಅಕ್ಟೋಬರ್‌ನಲ್ಲಿ ಮೆಲಿಸ್ಸಾ ಚಂಡಮಾರುತ ಜಮೈಕಾಗೆ ಅಪ್ಪಳಿಸಿದಾಗ ಹೋಟೆಲಿನ ಈಜುಕೊಳದಲ್ಲಿ ಶಾರ್ಕ್‌ಗಳು ಓಡಾಡುವ ವಿಡಿಯೊ ಬಂತಲ್ಲ, ಅದು ಮಾತ್ರ ಎಐ ಕೈಯಲ್ಲಿ ಮಾಡಿಸಿದ್ದು. ಚಂಡಮಾರುತ ನಿಜ, ಶಾರ್ಕ್ ಸುಳ್ಳು. ಫ್ಯಾಮಿಲಿ ಗ್ರೂಪಿನಲ್ಲಿ ಮಾತ್ರ ಎರಡಕ್ಕೂ ಒಂದೇ ಉತ್ತರ: "ಎಲ್ಲಾ ಕಲಿಗಾಲ."

ಇಂಥ ಸುದ್ದಿ ಇನ್ನು ಮೇಲೆ ಜಾಸ್ತಿಯೇ ಆಗುತ್ತದೆ, ಕಮ್ಮಿ ಆಗುವುದಿಲ್ಲ. ಹಾಗಾಗಿ ಅದನ್ನು ಓದುವ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು. ದೊಡ್ಡ ವಿಜ್ಞಾನ ಏನೂ ಬೇಕಾಗಿಲ್ಲ. ಎಲ್ಲಿ ಅಳೆದರು, ಎಷ್ಟು ಹೊತ್ತಿನಲ್ಲಿ ಆಯಿತು, ಯಾವುದಕ್ಕೆ ಹೋಲಿಸಿದರೆ ಜಾಸ್ತಿ, ಹೇಳಿದವರು ಯಾರು. ಇಷ್ಟು ಕೇಳಿಕೊಂಡರೆ ಮುಕ್ಕಾಲು ಪಾಲು ಗೊಂದಲ ಅಲ್ಲೇ ಕರಗುತ್ತದೆ. ಇದರಲ್ಲಿ ಮೂರನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ನನ್ನ ಪ್ರಕಾರ ಅದೇ ಮುಖ್ಯ. ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

ಮೊದಲು ಮಾಮೂಲು ಎಷ್ಟು ಅಂತ ನೋಡಿ

ಆಗುಂಬೆಯಲ್ಲಿ ಜುಲೈ ತಿಂಗಳು ದಿನಕ್ಕೆ 100 ಮಿ.ಮೀ. ಮಳೆ ಬಂದರೆ ಅದು ಸುದ್ದಿಯೇ ಅಲ್ಲ, ಶಾಲೆಗೆ ರಜೆ ಕೊಟ್ಟರಾ ಅಂತ ಕೇಳುತ್ತಾರೆ ಅಷ್ಟೇ. ದುಬೈನಲ್ಲಿ ಇಡೀ ವರ್ಷಕ್ಕೆ ಬೀಳುವುದೇ ಸುಮಾರು 100 ಮಿ.ಮೀ. ಒಳಗೆ. 2024ರ ಏಪ್ರಿಲ್ 16ರ ಮಳೆಯಲ್ಲಿ ಅಲ್ಲಿನ ವಿಮಾನ ನಿಲ್ದಾಣದಲ್ಲಿ 24 ಗಂಟೆಯಲ್ಲಿ 160 ಮಿ.ಮೀ. ದಾಟಿತು. ದುಬೈ ಇರುವ ಯುಎಇ ದೇಶದಲ್ಲೇ, ಅಲ್ ಐನ್ ಹತ್ತಿರದ ಖತ್ಮ್ ಅಲ್ ಶಕ್ಲಾ ಅನ್ನುವ ಜಾಗದಲ್ಲಿ ಒಂದು ದಿನವೂ ತುಂಬುವ ಮೊದಲೇ 254 ಮಿ.ಮೀ. ಬಿತ್ತು. ಆ ದೇಶದಲ್ಲಿ ಮಳೆ ಲೆಕ್ಕ ಇಡಲು ಶುರು ಮಾಡಿದ್ದು 1949ರಲ್ಲಿ, ಅಲ್ಲಿಂದ ಇಲ್ಲಿಯವರೆಗೆ ಇಷ್ಟು ಬಿದ್ದಿರಲಿಲ್ಲ. ಮಳೆ ನೀರು ಹೋಗಲು ದೊಡ್ಡ ಚರಂಡಿಯೇ ಬೇಕಿಲ್ಲದಿದ್ದ ಊರದು. ಅಲ್ಲಿರುವ ನಮ್ಮ ಕಡೆಯವರು ಮನೆಯಿಂದ ಆಚೆ ಬರಲಾಗದೆ ಕೂತಿದ್ದರೆ ಅದಕ್ಕೆ ಕಾರಣ 160 ಅನ್ನುವ ಅಂಕಿ ಅಲ್ಲ, ಆ ಅಂಕಿಗೂ ಆ ಊರಿಗೂ ಇದ್ದ ಅಂತರ.

ಇನ್ನೂ ವಿಚಿತ್ರವಾದ ಉದಾಹರಣೆ ಬೇಕಾ? 2022ರ ಮಾರ್ಚ್‌ನಲ್ಲಿ ಪೂರ್ವ ಅಂಟಾರ್ಕ್ಟಿಕಾದ ಕಾಂಕೋರ್ಡಿಯಾ ಸಂಶೋಧನಾ ಕೇಂದ್ರದಲ್ಲಿ ಉಷ್ಣಾಂಶ ಮೈನಸ್ 11.8 ಡಿಗ್ರಿ ಆಯಿತು. ನಮಗೆ ಅದು ಕೊರೆಯುವ ಚಳಿ. ಆದರೆ ಆ ತಿಂಗಳು ಅಲ್ಲಿ ಇರಬೇಕಾದದ್ದು ಮೈನಸ್ 50ರ ಆಸುಪಾಸು. ಅಂದರೆ ಮಾಮೂಲಿಗಿಂತ ಸುಮಾರು 40 ಡಿಗ್ರಿ ಜಾಸ್ತಿ. ನಮ್ಮ ಕಲಬುರಗಿಗೆ ಅಷ್ಟು ಏರಿದ್ದರೆ ಏನಾಗುತ್ತಿತ್ತು ಅಂತ ಯೋಚಿಸುವುದೂ ಬೇಡ. ಶೂನ್ಯಕ್ಕಿಂತ ಕೆಳಗೇ ಇದ್ದ ಕಾರಣ ಎಷ್ಟೋ ಜನರಿಗೆ ಆ ಸುದ್ದಿ ಸುದ್ದಿ ಅಂತಲೇ ಅನ್ನಿಸಲಿಲ್ಲ. ಅದೇ ವರ್ಷ ಜುಲೈ 19ರಂದು ಇಂಗ್ಲೆಂಡಿನ ಕನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ಆದಾಗ "ಇಷ್ಟಕ್ಕೇ ಇವರ ಗೋಳು ನೋಡಿ, ನಮ್ಮ ರಾಯಚೂರಿಗೆ ಬರಲಿ" ಅಂತ ಎಲ್ಲ ಕಡೆ ತಮಾಷೆ ನಡೆಯಿತು. ಫ್ಯಾನ್ ಕೂಡ ಇಲ್ಲದ, ಶಾಖವನ್ನು ಒಳಗೇ ಹಿಡಿದಿಡಲು ಕಟ್ಟಿದ ಮನೆಯಲ್ಲಿ ಕೂತವರಿಗೆ ಅದು ತಮಾಷೆಯಾಗಿರಲಿಲ್ಲ. ಅಲ್ಲಿ ಅದಕ್ಕೆ ಮುಂಚೆ ಯಾವತ್ತೂ 40 ಆಗಿರಲೇ ಇಲ್ಲ.

ಈಗ ಈ ಮಾಮೂಲು ಅನ್ನುವುದನ್ನು ಯಾರು ತೀರ್ಮಾನ ಮಾಡುತ್ತಾರೆ? ಸಾಮಾನ್ಯವಾಗಿ 30 ವರ್ಷಗಳ ಸರಾಸರಿ ತೆಗೆಯುತ್ತಾರೆ. ಈಗ ಜಾಸ್ತಿ ಬಳಸುವುದು 1991ರಿಂದ 2020ರವರೆಗಿನ ಸರಾಸರಿ. ನಮ್ಮ ಹವಾಮಾನ ಇಲಾಖೆ ಮುಂಗಾರಿನ ವಿಷಯದಲ್ಲಿ ಮಾತ್ರ 1971ರಿಂದ 2020ರವರೆಗಿನ 50 ವರ್ಷ ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಡೀ ದೇಶಕ್ಕೆ ಅದು 87 ಸೆಂ.ಮೀ. "ಈ ಸಲ ಶೇ. 105 ಮಳೆ" ಅಂತ ಟಿವಿಯಲ್ಲಿ ಬಂದರೆ ಆ 87ರ ಶೇ. 105 ಅಂತ ಅರ್ಥ.

ಇಲ್ಲೊಂದು ತೊಡಕಿದೆ, ಸ್ವಲ್ಪ ನಿಧಾನವಾಗಿ ಓದಿ. 2024 ಇದುವರೆಗಿನ ಅತಿ ಬಿಸಿ ವರ್ಷ. ಯುರೋಪಿನ ಕೋಪರ್ನಿಕಸ್ ಸಂಸ್ಥೆಯ ಲೆಕ್ಕದಲ್ಲಿ ಆ ವರ್ಷ ಭೂಮಿಯ ಸರಾಸರಿ ಉಷ್ಣಾಂಶ 1.60 ಡಿಗ್ರಿ ಜಾಸ್ತಿ ಇತ್ತು. ಅದೇ ಸಂಸ್ಥೆ, ಅದೇ ವರ್ಷ, 0.72 ಡಿಗ್ರಿ ಜಾಸ್ತಿ ಅಂತಲೂ ಹೇಳುತ್ತದೆ. ಎರಡೂ ಸರಿ! ಮೊದಲನೆಯದು 1850ರಿಂದ 1900ರವರೆಗಿನ, ಅಂದರೆ ಕಾರ್ಖಾನೆಗಳ ಹೊಗೆ ಜಗತ್ತನ್ನು ತುಂಬುವ ಮುಂಚಿನ ಕಾಲಕ್ಕೆ ಹೋಲಿಸಿದ್ದು. ಎರಡನೆಯದು 1991ರಿಂದ 2020ಕ್ಕೆ ಹೋಲಿಸಿದ್ದು, ಆ ಹೊತ್ತಿಗಾಗಲೇ ಭೂಮಿ ಬಿಸಿಯಾಗಿತ್ತು. ವಿಶ್ವ ಹವಾಮಾನ ಸಂಸ್ಥೆ ಆರು ಲೆಕ್ಕಗಳನ್ನು ಸೇರಿಸಿ 1.55 ಅಂದಿತು. ಇವನ್ನೆಲ್ಲ ಅಕ್ಕಪಕ್ಕ ಇಟ್ಟು "ನೋಡಿ, ವಿಜ್ಞಾನಿಗಳಲ್ಲೇ ಒಮ್ಮತ ಇಲ್ಲ" ಅನ್ನುವವರು ಸಿಗುತ್ತಾರೆ. ಜಗಳ ಮಾಡಬೇಡಿ, ಯಾವ ಕಾಲಕ್ಕೆ ಹೋಲಿಸಿದ್ದು ಅಂತ ಮಾತ್ರ ಕೇಳಿ.

ಇನ್ನೊಂದು. 1.5 ಡಿಗ್ರಿ ದಾಟಿತು, ಭೂಮಿಯ ಬಿಸಿಯನ್ನು ಮಿತಿಯಲ್ಲಿಡಲು ದೇಶಗಳು ಮಾಡಿಕೊಂಡ ಪ್ಯಾರಿಸ್ ಒಪ್ಪಂದ ಮುರಿದುಬಿತ್ತು ಅಂತ ಓದಿದ್ದರೆ, ಆ ಒಪ್ಪಂದದ ಮಿತಿ ಒಂದು ವರ್ಷದ್ದಲ್ಲ, ಎರಡು ದಶಕದಷ್ಟು ದೀರ್ಘ ಸರಾಸರಿಯದ್ದು. 2023-24ರಲ್ಲಿ ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ಎಲ್ ನಿನೊ ಕೂಡ ಇತ್ತು, ಅದೂ ತನ್ನ ಪಾಲು ಸೇರಿಸಿತು. ಹಾಗಂತ ಸಮಾಧಾನ ಪಡುವಂಥದ್ದೂ ಇಲ್ಲ. 2015ರಿಂದ 2024ರವರೆಗಿನ ಹತ್ತೂ ವರ್ಷ, ಲೆಕ್ಕ ಇಟ್ಟಾಗಿನಿಂದ ಅತಿ ಬಿಸಿಯಾದ ಹತ್ತು ವರ್ಷಗಳೇ. ಎಲ್ಲ ಸಲವೂ ಎಲ್ ನಿನೊ ಇರಲಿಲ್ಲವಲ್ಲ.

ಮಿಲಿಮೀಟರನ್ನು ಲೀಟರ್ ಮಾಡಿಕೊಳ್ಳಿ

111 ಮಿ.ಮೀ. ಮಳೆ ಅಂದರೆ ಯಾರ ಕಣ್ಣಿಗೂ ಏನೂ ಕಾಣುವುದಿಲ್ಲ. ಸುಲಭ ಲೆಕ್ಕ ಇದು: ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. ಬೆಂಗಳೂರಿನ 30-40 ಸೈಟು ಸುಮಾರು 111 ಚದರ ಮೀಟರ್ ಆಗುತ್ತದೆ. 2024ರ ಜೂನ್ 2ರಂದು ಬೆಂಗಳೂರಿನಲ್ಲಿ 111.1 ಮಿ.ಮೀ. ಮಳೆ ಬಂತು, ಜೂನ್ ತಿಂಗಳ ಒಂದು ದಿನದ ಮಟ್ಟಿಗೆ 1891ರ ದಾಖಲೆ ಮುರಿಯಿತು. ಗುಣಿಸಿ ನೋಡಿ. ಒಂದೊಂದು ಸೈಟಿನ ಮೇಲೂ 12,000 ಲೀಟರ್‌ಗಿಂತ ಜಾಸ್ತಿ, ಅಂದರೆ 6,000 ಲೀಟರಿನ ಎರಡು ಟ್ಯಾಂಕರ್. ಅದಕ್ಕೆ ಎರಡು ಮೂರು ತಿಂಗಳ ಹಿಂದೆ ಇದೇ ಊರಿನವರು ಟ್ಯಾಂಕರ್ ಸಿಗದೆ ದುಪ್ಪಟ್ಟು ದುಡ್ಡು ಕೊಟ್ಟು ಕಾದಿದ್ದರು ಅನ್ನುವುದನ್ನೂ ನೆನಪಿಸಿಕೊಳ್ಳಿ. ಮಣ್ಣು ಕಾಣದ ಹಾಗೆ ಸಿಮೆಂಟ್ ಹಾಕಿದ ಬೀದಿಯಲ್ಲಿ ಅಷ್ಟೂ ಸೈಟುಗಳ ನೀರು ಒಂದೇ ರಾತ್ರಿ ಎಲ್ಲಿಗೆ ಹೋಗಬೇಕು?

ಕೊಡಗು, ಚಿಕ್ಕಮಗಳೂರಿನ ತೋಟದವರು ಮಳೆಯನ್ನು ಇಂಚು, ಸೆಂಟ್‌ನಲ್ಲಿ ಹೇಳುತ್ತಾರೆ. "ನಿನ್ನೆ ಎರಡು ಇಂಚು ಮೂವತ್ತು ಸೆಂಟ್" ಅಂದರೆ 2.30 ಇಂಚು. ಒಂದು ಇಂಚು 25.4 ಮಿ.ಮೀ., ಹಾಗಾಗಿ ಅದು ಸುಮಾರು 58 ಮಿ.ಮೀ. ಆಯಿತು. ಇಲಾಖೆಯ ಭಾಷೆಯಲ್ಲಿ ದಿನಕ್ಕೆ 64.5 ಮಿ.ಮೀ. ಮುಟ್ಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.5 ದಾಟಿದರೆ ಅತ್ಯಂತ ಭಾರಿ. ದಿನ ಅಂದರೆ ನಡುರಾತ್ರಿಯಿಂದ ನಡುರಾತ್ರಿಗೆ ಅಲ್ಲ, ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30. ಭಾನುವಾರ ರಾತ್ರಿ ಸುರಿದದ್ದು ಸೋಮವಾರದ ಲೆಕ್ಕಕ್ಕೆ ಬರುವುದು ಇದಕ್ಕೇ. ಒಂದು ಪೇಪರಿನ ಅಂಕಿ ಇನ್ನೊಂದರದ್ದಕ್ಕೆ ಹೊಂದದಿದ್ದರೆ ತಕ್ಷಣ ಯಾರೋ ಸುಳ್ಳು ಬರೆದಿದ್ದಾರೆ ಅಂದುಕೊಳ್ಳಬೇಡಿ.

ಆದರೆ ದಿನದ ಮೊತ್ತಕ್ಕಿಂತ ಎಷ್ಟು ಹೊತ್ತಿನಲ್ಲಿ ಬಿತ್ತು ಅನ್ನುವುದೇ ಜೀವ ತೆಗೆಯುವುದು. ಸ್ಪೇನಿನ ವೆಲೆನ್ಸಿಯಾದಲ್ಲಿ 2024ರ ಅಕ್ಟೋಬರ್ 29ರಂದು ತುರೀಸ್ ಅನ್ನುವ ಊರಿನ ಮಾಪಕದಲ್ಲಿ ಒಂದು ದಿನಕ್ಕೆ 770 ಮಿ.ಮೀ. ದಾಟಿತು. ಮಲೆನಾಡಿನಲ್ಲೂ ಅಂಥ ದಿನ ಅಪರೂಪ. ಅದರಲ್ಲಿ ಸುಮಾರು 185 ಮಿ.ಮೀ. ಒಂದೇ ಗಂಟೆಯಲ್ಲಿ ಬಿದ್ದದ್ದು. ಹೊಳೆಯ ಕೆಳಗಿನ ಊರುಗಳಲ್ಲಿ ಮಳೆಯೇ ಇರಲಿಲ್ಲ, ಜನ ಆರಾಮಾಗಿ ಕಾರು ತೆಗೆಯಲು ಬೇಸ್‌ಮೆಂಟಿಗೆ ಇಳಿದರು, ಮೇಲಿನಿಂದ ನೀರು ಬಂತು. 220ಕ್ಕೂ ಜಾಸ್ತಿ ಜನ ಸತ್ತರು.

ಮೇಘಸ್ಫೋಟ ಅನ್ನುವ ಮಾತನ್ನು ನಮ್ಮ ಚಾನೆಲ್‌ಗಳು ಉಪ್ಪಿನಕಾಯಿಯಂತೆ ಎಲ್ಲದರ ಜೊತೆಗೂ ಬಡಿಸುತ್ತವೆ. ಇಲಾಖೆಯ ಪ್ರಕಾರ ಅದಕ್ಕೊಂದು ಅಳತೆ ಇದೆ: 20-30 ಚದರ ಕಿ.ಮೀ. ಜಾಗದಲ್ಲಿ ಗಂಟೆಗೆ 100 ಮಿ.ಮೀ. ಮುಟ್ಟಬೇಕು. 2025ರ ಆಗಸ್ಟ್ 5ರಂದು ಉತ್ತರಾಖಂಡದ ಧರಾಲಿಯಲ್ಲಿ ಮಣ್ಣು ಕಲ್ಲು ಕೊಚ್ಚಿಬಂದು ಮನೆಗಳನ್ನು ನುಂಗಿದಾಗ ಮೊದಲ ಗಂಟೆಯಿಂದಲೇ ಮೇಘಸ್ಫೋಟ ಅಂತ ಓಡಿತು. ಆಮೇಲೆ ನೋಡಿದರೆ ಹತ್ತಿರದ ಮಾಪಕಗಳಲ್ಲಿ ಅಂಥ ದೊಡ್ಡ ಮಳೆಯೇ ದಾಖಲಾಗಿರಲಿಲ್ಲ. ಹಾಗಾಗಿ ತಜ್ಞರು ಮೇಲಿನ ಹಿಮ, ಹಿಮನದಿ ಬಿಟ್ಟುಹೋದ ಸಡಿಲ ಮಣ್ಣುಕಲ್ಲು, ಇವುಗಳ ಕಡೆ ನೋಡಬೇಕಾಯಿತು. ಹೆಸರು ತಪ್ಪಾದರೆ ಏನಂತೆ ಅಂತ ಕೇಳಬಹುದು. ಕಾರಣ ಬೇರೆಯಾದರೆ ಮುಂದಿನ ಸಲ ಕಾವಲು ಕೂರಬೇಕಾದ ಜಾಗವೂ ಬೇರೆಯಾಗುತ್ತದೆ, ಅಷ್ಟೇ.

ಬಿಸಿಲಿನ ಅಂಕಿಯನ್ನು ಇನ್ನೂ ಜಾಸ್ತಿ ಅನುಮಾನದಿಂದ ನೋಡಿ

ಹವಾಮಾನ ಕೇಂದ್ರದ ಉಷ್ಣಾಂಶ ಅಂದರೆ ನೆರಳಿನಲ್ಲಿರುವ ಗಾಳಿಯದ್ದು. ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆಲದಿಂದ ನಾಲ್ಕಡಿಗಿಂತ ಸ್ವಲ್ಪ ಮೇಲೆ ಥರ್ಮಾಮೀಟರ್ ಇಟ್ಟಿರುತ್ತಾರೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 46 ತೋರಿಸಿತು ಅಂತ ಫೋಟೊ ಹಾಕಿದರೆ ಅದು ಕಾರಿನ ಕಥೆ, ಊರಿನದಲ್ಲ.

ಉಪಗ್ರಹದ ಕೆಂಪು ನಕ್ಷೆಗಳು ಇನ್ನೊಂದು ಬಲೆ. 2023ರ ಜುಲೈನಲ್ಲಿ ಸ್ಪೇನಿನ ಎಸ್ಟ್ರೆಮದೂರಾದಲ್ಲಿ 60 ಡಿಗ್ರಿ ದಾಟಿತು ಅಂತ ನಕ್ಷೆ ಓಡಾಡಿತು. ನಕ್ಷೆ ಸುಳ್ಳಲ್ಲ, ಆದರೆ ಅದು ನೆಲದ ಮೇಲ್ಮೈಯ ಬಿಸಿ. ಏಪ್ರಿಲ್ ಮಧ್ಯಾಹ್ನ ಬರಿಗಾಲಲ್ಲಿ ದೇವಸ್ಥಾನದ ಕಲ್ಲುಹಾಸಿನ ಮೇಲೆ ನಡೆದವರಿಗೆ ಈ ವ್ಯತ್ಯಾಸ ಯಾರೂ ಹೇಳಿಕೊಡಬೇಕಾಗಿಲ್ಲ. ಗಾಳಿಯ ಉಷ್ಣಾಂಶದಲ್ಲಿ ಯುರೋಪಿನ ದಾಖಲೆ ಸಿಸಿಲಿಯ 48.8 ಡಿಗ್ರಿ, 2021ರ ಆಗಸ್ಟ್ 11ರದ್ದು.

ಮಾಪಕವೇ ಕೈಕೊಡುವುದೂ ಉಂಟು. 2024ರ ಮೇ 29ರಂದು ದೆಹಲಿಯ ಮುಂಗೇಶ್‌ಪುರದಲ್ಲಿ 52.9 ಡಿಗ್ರಿ, ದೇಶದಲ್ಲೇ ದಾಖಲೆ ಅಂತ ಲೋಕವೆಲ್ಲ ಸುದ್ದಿಯಾಯಿತು. ಅದೇ ದಿನ ದೆಹಲಿಯ ಬೇರೆ ಕೇಂದ್ರಗಳಲ್ಲಿ ಇದ್ದದ್ದು ಸುಮಾರು 45ರಿಂದ 49. ಒಂದೇ ಒಂದು ಕೇಂದ್ರ ಅಕ್ಕಪಕ್ಕದವರನ್ನೆಲ್ಲ ಬಿಟ್ಟು ಮೇಲೆ ಹಾರಿದೆ ಅಂದರೆ ಅಲ್ಲೇ ಕಿವಿ ನಿಮಿರಬೇಕು. ಇಲಾಖೆ ಪರೀಕ್ಷೆ ಮಾಡಿ, ಆ ಸೆನ್ಸರ್ ಸುಮಾರು 3 ಡಿಗ್ರಿ ಜಾಸ್ತಿ ತೋರಿಸುತ್ತಿತ್ತು ಅಂತ ಹೇಳಿತು. ಮೊದಲ ಸುದ್ದಿ ಓದಿದವರಲ್ಲಿ ಎಷ್ಟು ಜನ ಎರಡನೆಯದನ್ನು ಓದಿದರು? ಇದು ಹೊಸ ರೋಗವೂ ಅಲ್ಲ. ಲಿಬಿಯಾದ ಅಲ್ ಅಜೀಜಿಯಾದಲ್ಲಿ 1922ರಲ್ಲಿ 58 ಡಿಗ್ರಿ ಆಗಿತ್ತು ಅಂತ ಸುಮಾರು 90 ವರ್ಷ ಪಠ್ಯಪುಸ್ತಕಗಳೆಲ್ಲ ಹೇಳಿದವು, 2012ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಆ ದಾಖಲೆಯನ್ನೇ ತೆಗೆದುಹಾಕಿತು. ದೊಡ್ಡ ದಾಖಲೆಗಳನ್ನು ತನಿಖೆ ಮಾಡಿ ಒಪ್ಪುವುದಕ್ಕೆ ಆ ಸಂಸ್ಥೆಗೆ ಎಷ್ಟೋ ಸಲ ವರ್ಷವೇ ಹಿಡಿಯುತ್ತದೆ. ಸೈಬೀರಿಯಾದ ವೆರ್ಖೋಯಾನ್ಸ್ಕ್‌ನಲ್ಲಿ 2020ರ ಜೂನ್‌ನಲ್ಲಿ ಆದ 38 ಡಿಗ್ರಿಯನ್ನು ಆರ್ಕ್ಟಿಕ್ ದಾಖಲೆ ಅಂತ ಒಪ್ಪಿದ್ದು 2021ರ ಡಿಸೆಂಬರ್‌ನಲ್ಲಿ. ಹಾಗಾಗಿ ಅಂಥ ಸುದ್ದಿ ಬಂದ ದಿನ ನೀವೂ ಒಂದೆರಡು ದಿನ ಕಾಯಬಹುದು, ಏನೂ ನಷ್ಟ ಇಲ್ಲ.

ಬಿಸಿಗಾಳಿ ಅಂತ ಘೋಷಣೆ ಮಾಡಲು ನಮ್ಮಲ್ಲಿ ಸಾಮಾನ್ಯವಾಗಿ ಬಯಲುಸೀಮೆಗೆ ಕನಿಷ್ಠ 40 ಡಿಗ್ರಿ, ಕರಾವಳಿಗೆ 37, ಗುಡ್ಡಗಾಡಿಗೆ 30 ಆಗಬೇಕು, ಜೊತೆಗೆ ಮಾಮೂಲಿಗಿಂತ 4.5 ಡಿಗ್ರಿ ಮೇಲಿರಬೇಕು. ಕರಾವಳಿಗೆ ಬೇರೆ ಲೆಕ್ಕ ಯಾಕೆ ಅಂದರೆ ಸೆಕೆ. ಬೆವರು ಆರದಿದ್ದರೆ ಮೈ ತಣ್ಣಗಾಗುವುದೇ ಇಲ್ಲ. ಮಂಗಳೂರಿನ 36 ಕೆಲವು ದಿನ ಬಳ್ಳಾರಿಯ 41ಕ್ಕಿಂತ ಕೆಟ್ಟದಾಗಿ ಕಾಡುವುದು ಇದಕ್ಕೇ. ಹೊರಗೆ ದುಡಿಯುವವರು, ವಯಸ್ಸಾದವರು ಮನೆಯಲ್ಲಿದ್ದರೆ ಡಿಗ್ರಿಯ ಜೊತೆ ತೇವಾಂಶದ ಅಂಕಿಯನ್ನೂ ನೋಡಿ, ರಾತ್ರಿಯ ಉಷ್ಣಾಂಶ ಎಷ್ಟು ಇಳಿಯುತ್ತಿದೆ ಅಂತಲೂ ನೋಡಿ.

"ಇತಿಹಾಸದಲ್ಲೇ ಮೊದಲು" ಅಂದರೆ ಎಷ್ಟು ಉದ್ದದ ಇತಿಹಾಸ?

ಫ್ಯೂಜಿಯ ಮೇಲೆ 2024ರಲ್ಲಿ ಮೊದಲ ಹಿಮ ಕಂಡದ್ದು ನವೆಂಬರ್ 7ಕ್ಕೆ. ಅಲ್ಲಿ 1894ರಿಂದ ಲೆಕ್ಕ ಇಟ್ಟಿದ್ದಾರೆ, ಅದುವರೆಗೆ ಅತಿ ತಡ ಅಂದರೆ ಅಕ್ಟೋಬರ್ 26. ಇಂಥ ದಾಖಲೆಗೆ ತೂಕ ಇದೆ. ಹದಿನೈದು ವರ್ಷದ ಹಿಂದೆ ಹಾಕಿದ ಸ್ವಯಂಚಾಲಿತ ಮಾಪಕದಲ್ಲಿ "ಸಾರ್ವಕಾಲಿಕ ದಾಖಲೆ" ಅಂದರೆ ಅಷ್ಟಿಲ್ಲ. ಅದು ಆ ದಿನಾಂಕದ ದಾಖಲೆಯಾ, ತಿಂಗಳದ್ದಾ, ಒಟ್ಟಾರೆಯದ್ದಾ ಅಂತಲೂ ನೋಡಿ. ವರ್ಷಕ್ಕೆ 365 ದಿನಾಂಕ ಇರುವಾಗ ಯಾವುದೋ ಒಂದು ಊರಿನಲ್ಲಿ ಯಾವುದೋ ಒಂದು ದಿನದ ದಾಖಲೆ ಮುರಿಯುತ್ತಲೇ ಇರುತ್ತದೆ.

ಇನ್ನೂ ಮುಖ್ಯವಾದದ್ದು ಎಷ್ಟರಿಂದ ಮುರಿಯಿತು ಅನ್ನುವುದು. ಸಾಮಾನ್ಯವಾಗಿ ಹಳೆಯ ದಾಖಲೆ ಅರ್ಧ ಡಿಗ್ರಿ, ಒಂದು ಡಿಗ್ರಿಯಿಂದ ಬೀಳುತ್ತದೆ. ಕೆನಡಾದ ರಾಷ್ಟ್ರೀಯ ದಾಖಲೆ 1937ರಿಂದ 45 ಡಿಗ್ರಿಯಲ್ಲೇ ಇತ್ತು. 2021ರ ಜೂನ್ ಕೊನೆಯಲ್ಲಿ ಲಿಟ್ಟನ್ ಅನ್ನುವ ಸಣ್ಣ ಊರು ಮೂರು ದಿನ ಸತತವಾಗಿ ಅದನ್ನು ಮುರಿಯಿತು: 46.6, 47.9, 49.6. ಮರುದಿನ ಕಾಳ್ಗಿಚ್ಚು ಬಂದು ಆ ಊರಿನ ಬಹುಪಾಲು ಸುಟ್ಟೇಹೋಯಿತು. 84 ವರ್ಷದ ದಾಖಲೆಯನ್ನು ನಾಲ್ಕೂವರೆ ಡಿಗ್ರಿಗಿಂತ ಜಾಸ್ತಿ ಅಂತರದಿಂದ ಮುರಿಯುವುದು ಹವಾಮಾನದವರಿಗೇ ನಂಬಲಾಗದ ಸಂಗತಿಯಾಗಿತ್ತು.

"ನೂರು ವರ್ಷಕ್ಕೊಮ್ಮೆ ಬರುವ ಮಳೆ" ಅನ್ನುವ ಮಾತು ಬಂದರೆ, ಒಂದು ಸಲ ಬಂದಾಯಿತು, ಇನ್ನು ಮೊಮ್ಮಕ್ಕಳ ಕಾಲಕ್ಕೆ ಅಂದುಕೊಳ್ಳಬೇಡಿ. ಪ್ರತಿ ವರ್ಷವೂ ಬರುವ ಸಾಧ್ಯತೆ ನೂರಕ್ಕೆ ಒಂದು ಅಂತ ಅದರ ಅರ್ಥ. ಅಂಥ ಜಾಗದಲ್ಲಿ ಮನೆ ಕಟ್ಟಿ 30 ವರ್ಷ ಇದ್ದರೆ ಒಮ್ಮೆಯಾದರೂ ನೋಡುವ ಸಾಧ್ಯತೆ ಶೇ. 26. ಗೃಹಸಾಲದ ಅವಧಿಯೂ ಹೆಚ್ಚುಕಮ್ಮಿ ಅಷ್ಟೇ ಅಲ್ವಾ. ಅದೂ ಹವಾಮಾನ ಹಳೆಯದೇ ಆಗಿದ್ದರೆ ಮಾತ್ರ ಆ ಲೆಕ್ಕ, ಈಗ ಅದೂ ಬದಲಾಗುತ್ತಿದೆ.

ಕಾರಣ ಹೇಳುವವರ ಬಗ್ಗೆ ಎಚ್ಚರ

ಎರಡು ಗುಂಪುಗಳಿವೆ. ಒಬ್ಬರಿಗೆ ಎಲ್ಲದಕ್ಕೂ ಹವಾಮಾನ ಬದಲಾವಣೆಯೇ ಕಾರಣ, ಇನ್ನೊಬ್ಬರಿಗೆ ಯಾವುದಕ್ಕೂ ಅಲ್ಲ. ಇಬ್ಬರಿಗೂ ಓದುವ ಕಷ್ಟ ಬೇಡ.

ದುಬೈ ಮಳೆ ಬಂದ ದಿನವೇ ಮೋಡ ಬಿತ್ತನೆ ಮಾಡಿದ್ದಕ್ಕೆ ಹೀಗಾಯಿತು ಅಂತ ಶುರುವಾಯಿತು. ಆ ದೇಶ ಮೋಡ ಬಿತ್ತನೆ ಮಾಡುವುದು ನಿಜ. ಆದರೆ ಆ ಮಾರುತದ ಹೊತ್ತಿನಲ್ಲಿ ಬಿತ್ತನೆ ಮಾಡಿಲ್ಲ ಅಂತ ಅಲ್ಲಿನ ಹವಾಮಾನ ಕೇಂದ್ರ ಹೇಳಿತು. ಅದನ್ನು ನಂಬದಿದ್ದರೂ ಪರವಾಗಿಲ್ಲ, ಇಷ್ಟು ಯೋಚಿಸಿ: ಅಷ್ಟು ದೊಡ್ಡ ಮಳೆ ಬರುತ್ತದೆ ಅಂತ ದಿನಗಳ ಮುಂಚೆಯೇ ಮುನ್ಸೂಚನೆ ಇತ್ತು, ಪಕ್ಕದ ಒಮಾನ್‌ನಲ್ಲೂ ಸುರಿದು ಜನ ಸತ್ತರು. ಬಿತ್ತನೆಯಿಂದ ಇರುವ ಮೋಡದ ಮಳೆ ಸ್ವಲ್ಪ ಜಾಸ್ತಿಯಾಗಬಹುದು, ಇಲ್ಲದ ಮಾರುತ ಹುಟ್ಟುವುದಿಲ್ಲ. ಮೋಡ ಬಿತ್ತನೆಗೆ ಅಷ್ಟು ಶಕ್ತಿ ಇದ್ದಿದ್ದರೆ 2023ರಲ್ಲಿ ಕರ್ನಾಟಕದ 200ಕ್ಕೂ ಜಾಸ್ತಿ ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಬೇಕಾಗಿ ಬರುತ್ತಿತ್ತಾ?

ಸರಿಯಾಗಿ ಕಾರಣ ಹುಡುಕುವ ಕೆಲಸ ಬೇರೆ ಥರ ಇರುತ್ತದೆ. ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ಅನ್ನುವ ವಿಜ್ಞಾನಿಗಳ ಗುಂಪು, ಈಗಿನ ಬಿಸಿಯಾದ ಭೂಮಿ ಮತ್ತು ಬಿಸಿಯಾಗದೇ ಇದ್ದಿದ್ದರೆ ಇರುತ್ತಿದ್ದ ಭೂಮಿ, ಎರಡನ್ನೂ ಕಂಪ್ಯೂಟರ್ ಮಾದರಿಗಳಲ್ಲಿ ಇಟ್ಟು ಅದೇ ಘಟನೆ ಎಷ್ಟು ಸಲ ಬರುತ್ತದೆ ಅಂತ ಹೋಲಿಸುತ್ತದೆ. ಲಿಟ್ಟನ್‌ನ ಬಿಸಿಯ ಬಗ್ಗೆ ಅವರು ಹೇಳಿದ್ದು, ಮನುಷ್ಯರು ಭೂಮಿಯನ್ನು ಬಿಸಿ ಮಾಡದಿದ್ದರೆ ಅದು ಹೆಚ್ಚುಕಡಿಮೆ ಅಸಾಧ್ಯವಾಗಿತ್ತು ಅಂತ. ಅದೇ ಗುಂಪು 2021ರಲ್ಲೇ ದಕ್ಷಿಣ ಮಡಗಾಸ್ಕರ್‌ನ ಬರದ ಬಗ್ಗೆ ನೋಡಿ, ಇದರಲ್ಲಿ ಹವಾಮಾನ ಬದಲಾವಣೆಯ ಪಾಲು ತೀರಾ ಕಮ್ಮಿ, ಬಡತನ ಮತ್ತು ಮಳೆಯ ಸಹಜ ಏರುಪೇರೇ ಜಾಸ್ತಿ ಅಂದಿತು. ಇಲ್ಲ ಅನ್ನಬೇಕಾದ ಕಡೆ ಇಲ್ಲ ಅನ್ನುವವರ ಹೌದು ಅನ್ನುವ ಮಾತಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ಮಳೆಯ ವಿಷಯದಲ್ಲಿ ಮೂಲ ಲೆಕ್ಕ ನೆನಪಿಟ್ಟುಕೊಳ್ಳಿ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7 ಜಾಸ್ತಿ ನೀರಾವಿ ಹಿಡಿದುಕೊಳ್ಳಬಲ್ಲದು. ಬಿಟ್ಟಾಗ ಅಷ್ಟನ್ನೂ ಒಟ್ಟಿಗೆ ಬಿಡುತ್ತದೆ. ಒಣಗಿದಾಗ ನೆಲದಿಂದ ಜಾಸ್ತಿ ಹೀರುತ್ತದೆ. ಒಂದೇ ವರ್ಷ ಬರವೂ ನೆರೆಯೂ ಬರುವುದು ಯಾಕೆ ಅಂತ ಕೇಳುವವರಿಗೆ ಇಷ್ಟು ಹೇಳಿದರೆ ಅರ್ಧ ಉತ್ತರ ಕೊಟ್ಟಂತೆ. ಇನ್ನು "ಭೂಮಿ ಬಿಸಿಯಾಗುತ್ತಿದ್ದರೆ 2021ರ ಫೆಬ್ರವರಿಯಲ್ಲಿ ಟೆಕ್ಸಾಸ್ ಯಾಕೆ ಹೆಪ್ಪುಗಟ್ಟಿತು" ಅನ್ನುವ ಪ್ರಶ್ನೆ. ಧ್ರುವದ ತಣ್ಣನೆ ಗಾಳಿ ಒಮ್ಮೊಮ್ಮೆ ದಕ್ಷಿಣಕ್ಕೆ ಜಾರುತ್ತದೆ, ಮೊದಲೂ ಜಾರುತ್ತಿತ್ತು. ಬಿಸಿಯಾದ ಜಗತ್ತಿನಲ್ಲಿ ಚಳಿಗಾಲ ಇರುವುದಿಲ್ಲ ಅಂತ ಯಾರೂ ಹೇಳಿಲ್ಲವಲ್ಲ.

ಆಕಾಶದಿಂದ ಬಿದ್ದದ್ದನ್ನೂ ನೆಲದ ಮೇಲೆ ನಾವು ಮಾಡಿದ್ದನ್ನೂ ಬೇರೆ ಮಾಡಿ ನೋಡಿ. 2023ರ ಸೆಪ್ಟೆಂಬರ್‌ನಲ್ಲಿ ಲಿಬಿಯಾದ ಡೆರ್ನಾದಲ್ಲಿ ಸಾವಿರಾರು ಜನ ಒಂದೇ ರಾತ್ರಿ ಸತ್ತರು. ಡೇನಿಯಲ್ ಚಂಡಮಾರುತ ಹತ್ತಿರದ ಅಲ್ ಬೈದಾದಲ್ಲಿ 24 ಗಂಟೆಗೆ 414 ಮಿ.ಮೀ. ಸುರಿಸಿತ್ತು, ಅದು ದೊಡ್ಡದೇ. ಆದರೆ ಊರನ್ನು ಸಮುದ್ರಕ್ಕೆ ತಳ್ಳಿದ್ದು ಮೇಲಿನ ಎರಡು ಹಳೆಯ ಅಣೆಕಟ್ಟುಗಳು, ವರ್ಷಗಟ್ಟಲೆ ದುರಸ್ತಿ ಕಾಣದೆ ಒಡೆದವು. "ಪ್ರಕೃತಿ ಮುನಿಸು" ಅನ್ನುವ ತಲೆಬರಹ ಕಂಡಾಗಲೆಲ್ಲ ಯಾರಿಗೆ ಅನುಕೂಲವಾಗಲಿ ಅಂತ ಬರೆದದ್ದು ಅಂತ ನನಗೆ ಅನುಮಾನ ಬರುತ್ತದೆ. ರಾಜಕಾಲುವೆ ಮೇಲೆ ಮನೆ ಕಟ್ಟಲು ಬಿಟ್ಟವರಿಗೂ ಅದೇ ತಲೆಬರಹ ಇಷ್ಟ.

ವಿಡಿಯೊ ಬಂದರೆ

ಬೇಗ ಹೇಳಿಬಿಡುತ್ತೇನೆ. ವಿಡಿಯೊದ ಒಂದು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿ, ಹಳೆಯದಾದರೆ ಅಲ್ಲೇ ಸಿಗುತ್ತದೆ. ಅಂಗಡಿ ಬೋರ್ಡು, ಗಾಡಿಯ ನಂಬರ್ ಪ್ಲೇಟು ನೋಡಿ, ಹೇಳಿದ ಊರಿನದೇನಾ ಅಂತ. ಬೋರ್ಡಿನ ಅಕ್ಷರ ಯಾವ ಭಾಷೆಯದೂ ಅಲ್ಲದ ಹಾಗೆ ಕಲಸಿಹೋಗಿದ್ದರೆ ಅದು ಎಐ. ದಿನಾಂಕ, ಊರು ಎರಡೂ ಇಲ್ಲದ ವಿಡಿಯೊವನ್ನು ಸುಮ್ನೆ ಅಲ್ಲೇ ಬಿಟ್ಟುಬಿಡಿ.

ಮುನ್ಸೂಚನೆಯಲ್ಲಿ ಅಡಗಿರುವ ಲೆಕ್ಕ

ಆಕಾಶವಾಣಿಯ ಹವಾಮಾನ ವಾರ್ತೆ ಕೇಳಿದ್ದೀರಲ್ಲ, "ಕರಾವಳಿಯ ಬಹುತೇಕ ಎಲ್ಲ ಕಡೆ, ದಕ್ಷಿಣ ಒಳನಾಡಿನ ಹಲವು ಕಡೆ, ಉತ್ತರ ಒಳನಾಡಿನ ಒಂದೆರಡು ಕಡೆ". ಇದು ಓದುವವರು ಬಾಯಿಗೆ ಬಂದ ಹಾಗೆ ಹೇಳುವುದಲ್ಲ. ಒಂದೆರಡು ಕಡೆ ಅಂದರೆ ಆ ಭಾಗದ ಕೇಂದ್ರಗಳಲ್ಲಿ ಶೇ. 25ರವರೆಗೆ, ಕೆಲವು ಕಡೆ ಅಂದರೆ 50ರವರೆಗೆ, ಹಲವು ಕಡೆ ಅಂದರೆ 75ರವರೆಗೆ, ಅದರ ಮೇಲೆ ಬಹುತೇಕ ಎಲ್ಲ ಕಡೆ. ಹಾಗಾಗಿ "ಒಂದೆರಡು ಕಡೆ" ಅಂದ ದಿನ ನಿಮ್ಮ ಬೀದಿಗೆ ಮಳೆ ಬರದಿದ್ದರೆ ಇಲಾಖೆಯನ್ನು ಬೈಯುವ ಹಾಗಿಲ್ಲ.

ಇಲಾಖೆಯ ಎಚ್ಚರಿಕೆಯ ಬಣ್ಣಗಳ ವಿಷಯ: ಹಳದಿ ಅಂದರೆ ಸುದ್ದಿ ನೋಡುತ್ತಿರಿ, ಕಿತ್ತಳೆ ಅಂದರೆ ತಯಾರಾಗಿ, ಕೆಂಪು ಅಂದರೆ ಈಗಲೇ ಏನಾದರೂ ಮಾಡಿ. ಶಾಲೆಗೆ ರಜೆ ಇದೆಯಾ ಇಲ್ಲವಾ ಅನ್ನುವುದಕ್ಕೆ ಮಾತ್ರ ಇದನ್ನು ನೋಡಿದರೆ ಸಾಲದು. ವೆಲೆನ್ಸಿಯಾದಲ್ಲಿ ಸ್ಪೇನಿನ ಹವಾಮಾನ ಸಂಸ್ಥೆ ಬೆಳಿಗ್ಗೆಯೇ ಕೆಂಪು ಎಚ್ಚರಿಕೆ ಕೊಟ್ಟಿತ್ತು. ಜನರ ಮೊಬೈಲಿಗೆ ಸರ್ಕಾರದ ಅಲಾರಂ ಬಂದದ್ದು ರಾತ್ರಿ 8 ದಾಟಿದ ಮೇಲೆ, ಆ ಹೊತ್ತಿಗೆ ಎಷ್ಟೋ ಜನ ನೀರಿನಲ್ಲಿದ್ದರು. ಮೊಬೈಲ್ ಕೂಗುವವರೆಗೆ ಕಾಯುವ ಬದಲು ಬೆಳಿಗ್ಗೆ ಬಣ್ಣ ನೋಡಿ ಅಂತ ನಾನು ಹೇಳುವುದು ಇದಕ್ಕೇ.

ಎಲ್ಲಿ ನೋಡಬೇಕು? ಹವಾಮಾನ ಇಲಾಖೆಯ ಮೌಸಮ್ ಆ್ಯಪ್, ಸಿಡಿಲಿಗೆ ದಾಮಿನಿ, ರೈತರಿಗೆ ಮೇಘದೂತ್. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಮಾಪಕ ಇಟ್ಟಿದೆ, ಅವರ ವರುಣ ಮಿತ್ರ ಸಹಾಯವಾಣಿಗೆ ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು. ಇಂಟರ್‌ನೆಟ್ ಬಳಸದ ಅಪ್ಪ ಅಮ್ಮ ಊರಿನಲ್ಲಿದ್ದರೆ ಆ ನಂಬರ್ ಹುಡುಕಿ ಬರೆದುಕೊಡಿ. ಮಕ್ಕಳು ಹೊರದೇಶದಲ್ಲಿದ್ದರೆ ಇಲ್ಲಿನ ಟಿವಿ ನೋಡಿ ಗಾಬರಿಯಾಗುವ ಮುಂಚೆ ಆ ದೇಶದ ಇಲಾಖೆಯ ಪುಟ ನೋಡಿ, ಅಮೆರಿಕಕ್ಕೆ ನ್ಯಾಷನಲ್ ವೆದರ್ ಸರ್ವಿಸ್, ಬ್ರಿಟನ್ನಿಗೆ ಮೆಟ್ ಆಫೀಸ್. ಟೆಕ್ಸಾಸ್ ನಮ್ಮ ರಾಜ್ಯದ ಮೂರೂವರೆ ಪಟ್ಟು ದೊಡ್ಡದು. 2025ರ ಜುಲೈ 4ರಂದು ಅಲ್ಲಿನ ಗ್ವಾಡಲೂಪೆ ನದಿ ಉಕ್ಕಿ ನೂರಕ್ಕೂ ಜಾಸ್ತಿ ಜನ ಸತ್ತ ದಿನ, ಡಾಲಸ್‌ನಲ್ಲಿರುವ ಮಗನಿಗೆ ನೀರು ಮುಟ್ಟಿತಾ ಅಂತ ಇಲ್ಲಿ ರಾತ್ರಿಯೆಲ್ಲ ಎಚ್ಚರ ಇದ್ದ ತಂದೆತಾಯಿ ಇದ್ದಾರೆ. ಮಗ ಇದ್ದದ್ದು ಆ ನದಿಯಿಂದ ನೂರಾರು ಕಿಲೋಮೀಟರ್ ಆಚೆ.

ನಿಮ್ಮ ಮನೆಯ ಮಾಮೂಲು ನೀವೇ ಅಳೆದುಕೊಳ್ಳಿ

ಕೊನೆಯ ಕೆಲಸ, ನನಗೆ ತುಂಬಾ ಇಷ್ಟವಾದದ್ದು. ಜಿಲ್ಲೆಯ ಸರಾಸರಿ ನಿಮ್ಮ ಹೊಲದ ಮಾತು ಹೇಳುವುದಿಲ್ಲ. ಮಲೆನಾಡು, ಪುತ್ತೂರು ಕಡೆಯ ಎಷ್ಟೋ ತೋಟದ ಮನೆಗಳಲ್ಲಿ ಮಳೆಯ ಡೈರಿ ಇಡುವ ರೂಢಿ ಇದೆ. ಸಿಟಿಯವರೂ ಇಡಬಹುದು.

ತಳ ಸಮವಾಗಿರುವ, ಗೋಡೆ ನೆಟ್ಟಗಿರುವ ಪಾತ್ರೆ ಬೇಕು. ಮೇಲೂ ಕೆಳಗೂ ಒಂದೇ ಅಗಲ ಇರಬೇಕು, ಬಕೆಟ್ ಆಗುವುದಿಲ್ಲ. ಮರದ ಕೆಳಗೆ, ಗೋಡೆಯ ಪಕ್ಕ ಇಡಬೇಡಿ. ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಇದ್ದರೆ ಒಳ್ಳೆಯದು. ಬಾಯಿ ನೆಲದಿಂದ ಒಂದಡಿ ಮೇಲಿರಲಿ, ಇಲ್ಲದಿದ್ದರೆ ನೆಲದ ನೀರು ಸಿಡಿದು ಒಳಗೆ ಬೀಳುತ್ತದೆ. ಗಾಳಿಗೆ ಉರುಳದ ಹಾಗೆ ಇಟ್ಟಿಗೆ ಕೊಡಿ. ಬೆಳಿಗ್ಗೆ 8.30ಕ್ಕೆ ಸ್ಕೇಲ್ ಇಳಿಸಿ ಎಷ್ಟು ಮಿ.ಮೀ. ಅಂತ ನೋಡಿ, ನೀರು ಚೆಲ್ಲಿ, ಬರೆಯಿರಿ. ಮಧ್ಯಾಹ್ನದವರೆಗೆ ಬಿಟ್ಟರೆ ಆವಿಯಾಗಿ ಲೆಕ್ಕ ತಪ್ಪುತ್ತದೆ.

ದಿನಾಂಕದ ಪಕ್ಕ ಮಳೆ ನಕ್ಷತ್ರವನ್ನೂ ಬರೆಯಿರಿ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ, ಹೀಗೆ ಒಂದೊಂದೂ ಹದಿಮೂರು ಹದಿನಾಲ್ಕು ದಿನದ್ದು. ಜ್ಯೋತಿಷ್ಯಕ್ಕಲ್ಲ, ಮನೆಯ ಹಿರಿಯರ ನೆನಪು ಇರುವುದೇ ಆ ಲೆಕ್ಕದಲ್ಲಿ. "ಆರಿದ್ರ ಮಳೆ ಆರದೆ ಹುಯ್ಯುತ್ತೆ" ಅಂತ ಅಜ್ಜಿ ಹೇಳಿದ್ದು ಈಗ ಎಷ್ಟು ನಿಜ ಅಂತ ನಿಮ್ಮ ಪುಸ್ತಕದಲ್ಲೇ ನೋಡಬಹುದು. ಅದರ ಜೊತೆ ಮಾವು ಹೂಬಿಟ್ಟ ದಿನ, ಬಾವಿ ನೀರಿನ ಮಟ್ಟ, ಮೊದಲ ಸಿಡಿಲು, ಏನು ಬೇಕಾದರೂ ಸೇರಿಸಿ. ಐದಾರು ವರ್ಷ ಆಗುವವರೆಗೆ ಇದರಿಂದ ದೊಡ್ಡ ತೀರ್ಮಾನ ಏನೂ ಮಾಡಬೇಡಿ, ಮೊದಲೇ ಹೇಳಿದಂತೆ ಇಲಾಖೆಯವರೇ 30 ವರ್ಷ ಕಾಯುತ್ತಾರೆ.

ಮಳೆ ಬಾರದ ದಿನ ಸೊನ್ನೆ ಹಾಕುವುದನ್ನು ಮಾತ್ರ ಮರೆಯಬೇಡಿ. ಜಾಗ ಖಾಲಿ ಬಿಟ್ಟರೆ ಅವತ್ತು ಮಳೆ ಬರಲಿಲ್ಲವೋ, ನೀವು ನೋಡಲಿಲ್ಲವೋ ಅಂತ ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ.